ಹತ್ತು ಸಂದೇಶಗಳ ಪುಟ

ರುದ್ರಮುನಿ ಯಾರಿಗೂ ‘ಉಪಕಾರ ಆತು’ ಎನ್ನುವುದಿಲ್ಲವೆಂದು ಹರಿಹರದಲ್ಲಿ ಜನರ ದೂರು ಇದೆ. ಪಕ್ಕದ ಮನೆಯ ಸರ್ವಮಂಗಳಮ್ಮ ಬುತ್ತಿ ಕಟ್ಟಿಕೊಟ್ಟರೂ ಬರೀ ತಲೆಯಾಡಿಸಿ ಒಳಗೆ ಹೋಗುತ್ತಾನೆ.

ಮೊದಲು ಹಾಗಿರಲಿಲ್ಲ. ಬಿ.ಎಸ್ಸಿ. ಮಾಡಿ ಕಾಲೇಜೊಂದರ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಅವನು, ಸೀಸೆಗಳಿಗೆ ಚೀಟಿ ಅಂಟಿಸುವಷ್ಟೇ ಶಿಸ್ತಿನಿಂದ ಪ್ರತಿಯೊಬ್ಬರ ಉಪಕಾರ ನೆನೆಯುತ್ತಿದ್ದ.

೧೯೯೯ರಲ್ಲಿ ಅವನ ತಂಗಿ ನಯನಾಳ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿತು. ತಿಂಗಳು ತಿಂಗಳೂ ರಕ್ತ ಹೋಗಿ ಅವಳು ಬಿಳಿಚಿಕೊಂಡಿದ್ದಳು. ಆಪರೇಷನ್‌ಗೆಂದು ದಾವಣಗೆರೆಯಲ್ಲಿ ಪರೀಕ್ಷಿಸಿದಾಗ ಅವಳದು ಬಾಂಬೆ ಗುಂಪಿನ ರಕ್ತವೆಂದು ತಿಳಿಯಿತು. ನೋಡಲು ಓ ಗುಂಪಿನಂತಿದ್ದರೂ ಅದಕ್ಕೆ ಓ ರಕ್ತ ಹೊಂದುವುದಿಲ್ಲ. ಅದೇ ಗುಂಪಿನವರೇ ಕೊಡಬೇಕು. ಅಂಥವರು ಸಾವಿರಾರು ಜನರಲ್ಲಿ ಒಬ್ಬರು. ಒಂದು ಬಾಟಲಿಯಾದರೂ ಸಿಗದೆ ಆಪರೇಷನ್ ಮಾಡುವುದಿಲ್ಲವೆಂದರು ವೈದ್ಯರು.

ದಾವಣಗೆರೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಗೆಳೆಯ ಇಜಾಜ್ ದಾರಿ ತೋರಿಸಿದ. ಇಂಟರ್ನೆಟ್‌ನಲ್ಲಿ ರಕ್ತದಾನಿಗಳು ಬರೆಯುವ ಸಾರ್ವಜನಿಕ ಫಲಕವೊಂದಿತ್ತು. ಅದರಲ್ಲಿ ಕೋರಿಕೆ ಹಾಕಿ, ರುದ್ರಮುನಿಯ ಹೆಸರಿನಲ್ಲೇ ಒಂದು ಪುಟ ಮಾಡಿ, ಮನೆಯ ವಿಳಾಸದ ಕೆಳಗೆ ಆ ಕೋರಿಕೆಗೆ ಬಂದ ಸಂದೇಶಗಳು ತಾವಾಗಿ ಕಾಣುವಂತೆ ಜೋಡಿಸಿದ. ಹತ್ತಕ್ಕೆ ಮಾತ್ರ ಜಾಗ. ಹನ್ನೊಂದನೆಯದು ಬಂದರೆ ಎಲ್ಲಕ್ಕಿಂತ ಹಳೆಯದು ಫಲಕದಿಂದಲೂ ಅಳಿಯುತ್ತಿತ್ತು.

“ಹತ್ತು ಸಾಕು ಬಿಡಪ್ಪಾ. ವಾರಕ್ಕ ಮೂರು ಬಂದ್ರೂ ಭಾಳ ಆತು,” ಎಂದಿದ್ದ ಇಜಾಜ್.

ರುದ್ರಮುನಿ ಪ್ರತಿ ಭಾನುವಾರ ಬಸ್ಸಿನಲ್ಲಿ ಹೋಗಿ ಪುಟವನ್ನು ಪ್ರಿಂಟ್ ಮಾಡಿಸಿ ತರುತ್ತಿದ್ದ. ಬಂದವೆಲ್ಲ ಬರೀ ಹಾರೈಕೆಗಳು. ನಯನಾ ದಿಂಬಿಗೊರಗಿ ಒಂದೊಂದಕ್ಕೂ ಉತ್ತರ ಹೇಳಿ ಬರೆಸುತ್ತಿದ್ದಳು.

“ಮೊದ್ಲು ಇವ್ರಿಗೆ ಉಪಕಾರ ಆತು ಅಂತ ಹಾಕಿಸು ಅಣ್ಣಾ. ಹೊಸದು ಆಮೇಲೆ ನೋಡು. ಬರೀ ಬೇಡೋರು ಅನ್ನಿಸ್ಕೊಳ್ಳಾದು ಬ್ಯಾಡ.”

ಲೈನು ಆಗಾಗ ಕಡಿದುಹೋಗುತ್ತಿದ್ದರಿಂದ ಇಜಾಜ್‌ಗೂ ಸಿಕ್ಕಾಗ ಮೊದಲು ಉತ್ತರ ಕಳಿಸಿಬಿಡುವುದೇ ಸರಿಯೆನಿಸಿತ್ತು. ಉತ್ತರ ಬರೆಯುವ ಪುಟ ಬೇರೆ, ಸಂದೇಶ ಕಾಣುವ ಪುಟ ಬೇರೆ. ಕಳಿಸಿದ ಉತ್ತರಗಳೂ ಆ ಹತ್ತು ಜಾಗದಲ್ಲೇ ಸೇರುತ್ತಿದ್ದವು, ಆದರೆ ಎರಡು ಮೂರು ಉತ್ತರಗಳಿದ್ದಷ್ಟು ದಿನ ತೊಂದರೆಯಾಗಲಿಲ್ಲ.

ಆಗಸ್ಟ್ ಒಂದರ ಭಾನುವಾರ ಮೊದಲ ಬಾರಿಗೆ ಪುಟ ತುಂಬಿತ್ತು. ಎಂಟನೇ ತಾರೀಖು ರುದ್ರಮುನಿ ಹತ್ತು ಉತ್ತರಗಳನ್ನು ಒಯ್ದ. ಎಲ್ಲ ಕಳಿಸಿ ಪುಟ ತೆರೆದರೆ ಹತ್ತು ಸಲವೂ ಅವನದೇ ಹೆಸರು.

ಇಜಾಜ್‌ನ ಕೈ ನಿಂತಿತು. “ಈ ವಾರ ಏನಾರ ಬಂದಿದ್ರೆ ಅಳಿಸಿಹೋಗಿರ್ತೈತೆ ನೋಡು.”

ರುದ್ರಮುನಿ ಯೋಚಿಸಿದ: ರಕ್ತ ಕೊಡುವ ಮನಸ್ಸಿದ್ದವರು ಮತ್ತೊಮ್ಮೆ ಬರೆಯದೆ ಇರುವುದಿಲ್ಲ. ಅಂದಿನಿಂದ ದಿನವೂ ಕಾಲೇಜು ಬಿಟ್ಟೊಡನೆ ಹೋಗಿ ನೋಡಿದ. ಯಾರೂ ಬರೆಯಲಿಲ್ಲ.

ಹತ್ತೊಂಬತ್ತರಂದು ಮುಂಜಾನೆ ನಯನಾಳಿಗೆ ರಕ್ತ ನಿಲ್ಲಲಿಲ್ಲ. ಆಸ್ಪತ್ರೆ ತಲುಪುವ ಮೊದಲೇ ಅವಳು ಹೋಗಿಬಿಟ್ಟಳು.

ಎಂಟು ದಿನದ ಮೇಲೆ ಬಳ್ಳಾರಿಯಿಂದ ಉಜ್ಜನಪ್ಪ ಎಂಬವರ ಕಾಗದ ಬಂತು. “ನನ್ನದೂ ಬಾಂಬೆ ಗುಂಪು. ಬಂದು ರಕ್ತ ಕೊಡುತ್ತೇನೆಂದು ಆರನೇ ತಾರೀಖು ಬರೆದಿದ್ದೆ. ಒಂಬತ್ತರಂದು ನೋಡಿದರೆ ನನ್ನ ಸಂದೇಶ ಇರಲಿಲ್ಲ. ಹತ್ತು ಜನರಿಗೆ ನೀವು ಉಪಕಾರ ಹೇಳಿದ್ದಿರಿ. ರಕ್ತ ಸಿಕ್ಕಿತೆಂದು ತಿಳಿದು ಸುಮ್ಮನಾದೆ. ತಂಗಿ ಈಗ ಹೇಗಿದ್ದಾರೆ?”

ರುದ್ರಮುನಿ ಒಂದು ಕಾರ್ಡು ತೆಗೆದುಕೊಂಡ. ರೂಢಿಯಂತೆ ‘ನಿಮ್ಮ ಉಪಕಾರ’ ಎಂದು ಶುರುಮಾಡಿದ್ದನ್ನು ನೋಡಿ ಹರಿದುಹಾಕಿದ. ಎರಡನೆಯದರಲ್ಲಿ, ತಂಗಿ ತೀರಿಕೊಂಡಳು, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದಷ್ಟೇ ಬರೆದು ಅಂಚೆ ಡಬ್ಬಿಗೆ ಹಾಕಿದ.