ಸಿನಿಮಾದಲ್ಲಿ ಇಲ್ಲದ ಬೆಕ್ಕು

ಬೆಣ್ಣೆ ಹಾಕಿದ ಪಾಪ್‌ಕಾರ್ನಿನ ವಾಸನೆ ನನಗೆ ಆಗುವುದಿಲ್ಲ. ಮಾಲ್‌ನಲ್ಲಿ ಎಸ್ಕಲೇಟರ್ ಏರುತ್ತಿರುವಾಗಲೇ ಅದು ಎದುರು ಬಂದು ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಮನೆಗೆ ಬಂದು ಮುಖ ತೊಳೆದರೂ ದುಪಟ್ಟಾದಲ್ಲಿ ಉಳಿದಿರುತ್ತದೆ. ಕಳೆದ ಭಾನುವಾರ ಲೀಲತ್ತೆಯ ಜೊತೆ ಹೋಗಿದ್ದಾಗಲೂ ಹಾಗೇ ಆಯಿತು. ಲೀಲತ್ತೆ ನನ್ನ ಅಪ್ಪನ ತಂಗಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾಗಿ, ಈಗ ಯಾದವಗಿರಿಯಲ್ಲಿ ಒಂದು ಬಂಗಲೆಯ ಹಿಂದಿರುವ ಎರಡು ಕೋಣೆಗಳ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಚಿಕ್ಕಂದಿನಿಂದ ಅವಳನ್ನು ಏಕವಚನದಲ್ಲೇ ಕರೆದು ಅಭ್ಯಾಸ. ನಾವು ನೋಡಿದ ಚಿತ್ರದಲ್ಲಿ ನಾಯಕ ಕಾಣಿಸಿಕೊಳ್ಳುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಕಾಣಿಸಿಕೊಂಡ ಮೇಲೆ ಅವನು ನಡೆದದ್ದೆಲ್ಲ ನಿಧಾನಗತಿಯಲ್ಲಿ, ಕಿವಿ ಗುಂಯ್ ಎನ್ನುವ ಸಂಗೀತದ ನಡುವೆ. ಮುಂದಿನ ಸಾಲಿನವನೊಬ್ಬ ನಾನು ಎದ್ದು ಹೋಗಿ ಹೇಳಿದರೂ ಕೇಳದೆ ಪ್ರತಿ ಹೊಡೆದಾಟವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದ. ಇಂಟರ್‌ವಲ್‌ನಲ್ಲಿ ಫೋನು ತೆಗೆದರೆ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಆಗಲೇ ತೀರ್ಪು ಬರೆದಿದ್ದರು: 'ಸೆಕೆಂಡ್ ಹಾಫ್ ಲ್ಯಾಗು, ಹೋಗ್ಬೇಡಿ.' ಮೂರು ಗಂಟೆ ಕೂತು ಎದ್ದಾಗ, ಉಳಿದ ಕಥೆ ಎರಡನೇ ಭಾಗದಲ್ಲಿ ಎಂದು ಪರದೆಯ ಮೇಲೆ ಅಕ್ಷರ ಬಂತು. ಹೊರಗೆ ಬಂದರೆ ಮೈಕು ಹಿಡಿದ ಹುಡುಗಿಯೊಬ್ಬಳು ದಾರಿಗೆ ಅಡ್ಡ ನಿಂತಿದ್ದಳು.

"ಮೇಡಂ, ಪಿಚ್ಚರ್ ಹೆಂಗಿತ್ತು? ಒಂದೇ ವರ್ಡಲ್ಲಿ ಹೇಳಿ, ಪ್ಲೀಸ್."

"ಮನೇಲಿ ಹೇಳ್ತೀನಿ" ಎಂದೆ. ಬೇಕೆಂದು ಆಡಿದ ಮಾತಲ್ಲ, ತಾನಾಗಿ ಬಂತು. ಹುಡುಗಿ ನಕ್ಕು ಬೇರೆಯವರ ಕಡೆ ತಿರುಗಿದಳು. ಲೀಲತ್ತೆ ಮಾತ್ರ ನಿಂತಲ್ಲೇ ನಿಂತು ನನ್ನ ಮುಖ ನೋಡಿದಳು. ಅದು ಅವಳ ಅಣ್ಣನ, ನನ್ನ ದೊಡ್ಡಪ್ಪನ ಮಾತು.

ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ಮೂರನೇ ಕ್ಲಾಸಿನಿಂದ ನಾನು ಬೆಳೆದದ್ದು ವಿದ್ಯಾರಣ್ಯಪುರಂನ ದೊಡ್ಡಪ್ಪನ ಮನೆಯಲ್ಲಿ. ಅದು ಬಾಡಿಗೆ ಮನೆ, ವಠಾರದ ಕೊನೆಯದು. ನಡುಮನೆಗೆ ಕೆಂಪು ಗಾರೆಯ ನೆಲ, ಕಿಟಕಿಯ ಪಕ್ಕ ದೊಡ್ಡಪ್ಪನ ಡ್ರಾಯಿಂಗ್ ಬೋರ್ಡು. ಅವರು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ನಾನು ಬರುವುದಕ್ಕೆ ಸ್ವಲ್ಪ ಮೊದಲು, ಇನ್ನೂ ಸೇವೆಯ ವರ್ಷಗಳಿರುವಾಗಲೇ, ಸ್ವಂತ ಇಚ್ಛೆಯಿಂದ ನಿವೃತ್ತಿ ತೆಗೆದುಕೊಂಡಿದ್ದರು. "ಕಂಪ್ಯೂಟರ್ ಬಂದ್ಮೇಲೆ ನಮ್ಮಂಥೋರ ಕೈಗೇನು ಕೆಲಸ" ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಬೋರ್ಡಿನ ಮೇಲೆ ದೊಡ್ಡಮ್ಮ ಇಸ್ತ್ರಿಯಾದ ಬಟ್ಟೆ ಜೋಡಿಸಿಡುತ್ತಿದ್ದರು. ಆಗ ಲೀಲತ್ತೆಯೂ ಅಲ್ಲೇ ಇದ್ದಳು. ಮನೆಯಲ್ಲಿ ಇದ್ದವರು ನಾವು ನಾಲ್ವರೇ.

ತಿಂಗಳಿಗೊಂದು ಭಾನುವಾರ ಮ್ಯಾಟಿನಿಗೆ ಹೋಗುವುದು ಆ ಮನೆಯ ಕಟ್ಟಳೆ. ಅದರಷ್ಟು ರೇಜಿಗೆಯ ವಿಚಾರ ನನ್ನ ಬಾಲ್ಯದಲ್ಲಿ ಬೇರೊಂದಿರಲಿಲ್ಲ. ಹೊರಡುವ ಮುನ್ನ ದೊಡ್ಡಮ್ಮ ಫಿಲ್ಟರಿಗೆ ಕಾಫಿಪುಡಿ ಹಾಕಿ, ಬಿಸಿನೀರು ಹುಯ್ದು, ಮುಚ್ಚಳ ಮುಚ್ಚುತ್ತಿದ್ದರು. ನಾವು ಹಿಂದಿರುಗುವಷ್ಟರಲ್ಲಿ ಡಿಕಾಕ್ಷನ್ ತೊಟ್ಟಿಕ್ಕಿ ಇಳಿದಿರಬೇಕು. ಶೋ ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆಯೇ ಥಿಯೇಟರಿನ ಮುಂದೆ ಬಿಸಿಲಿನಲ್ಲಿ ನಿಲ್ಲಬೇಕು. ದೊಡ್ಡಪ್ಪನಿಗೆ ಎಡಗಡೆ ಮೂಲೆಯ ಸೀಟೇ ಆಗಬೇಕು. ಆ ಸೀಟಿನಿಂದ ಅವರು ಪರದೆಯನ್ನು ನೆಟ್ಟಗೆ ನೋಡುತ್ತಲೂ ಇರಲಿಲ್ಲ. ಮುಖವನ್ನು ಗೋಡೆಯ ಕಡೆ ಅರ್ಧ ತಿರುಗಿಸಿ, ಕೋಪಿಸಿಕೊಂಡವರ ಹಾಗೆ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಶಾಲೆಯ ಗೆಳತಿಯರು ಯಾರಾದರೂ ಬಂದು ಇದನ್ನು ಕಂಡಾರು ಎಂದು ನನಗೆ ಸಂಕೋಚವಾಗುತ್ತಿತ್ತು. ದೊಡ್ಡಮ್ಮ ಮೊದಲ ಹಾಡಿಗೇ ಅಳಲು ಶುರುಮಾಡುತ್ತಿದ್ದರು. ಮುಗಿದ ಮೇಲೆ ಎಲ್ಲರೂ ಎದ್ದು ಹೋದರೂ, ಕಸ ಗುಡಿಸುವವರು ಒಳಗೆ ಬಂದರೂ, ಪರದೆಯ ಮೇಲಿನ ಕೊನೆಯ ಹೆಸರು ಸರಿಯುವವರೆಗೆ ನಾವು ಏಳುವ ಹಾಗಿರಲಿಲ್ಲ.

ಆ ಥಿಯೇಟರಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುತ್ತಿದ್ದವರು ಕುಂಬಾರಕೊಪ್ಪಲಿನ ಮಾದಣ್ಣ. ದೀಪಗಳು ಇನ್ನೂ ಉರಿಯುತ್ತಿದ್ದಾಗಲೂ ದೊಡ್ಡಪ್ಪನ ಮುಂದೆ ಟಾರ್ಚು ಬಿಟ್ಟು "ಮೆಟ್ಲು ಸಾ, ಇನ್ನೊಂದ್ ಮೆಟ್ಲು" ಎನ್ನುತ್ತಾ ಮೂಲೆಯ ಸೀಟಿನವರೆಗೆ ಕರೆದುಕೊಂಡು ಹೋಗುತ್ತಿದ್ದರು. ಅತಿ ಮರ್ಯಾದೆ ಎಂದುಕೊಂಡಿದ್ದೆ. ವಾಪಸು ಬರುವಾಗ ಬಾಗಿಲಲ್ಲಿ ನಿಂತು ಪ್ರತಿ ಸಲ ಕೇಳುತ್ತಿದ್ದರು:

"ಎಂಗಿತ್ತು ಸಾ ಪಿಚ್ಚರು?"

"ಮನೇಲಿ ಹೇಳ್ತೀನಿ ಮಾದಣ್ಣ."

"ಅಂಗಾರೆ ನಾನು ನಿಮ್ ಮನೆಗಂಟ ಬಂದು ಕೇಳ್ಕಬೇಕಾ? ಏನವ್ವ, ನೀನಾರ ಏಳು. ಬೊಂಬಾಟಾ, ಡಬ್ಬಾನಾ?"

ನಾನು ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸುತ್ತಿದ್ದೆ. ಯಾಕೆಂದರೆ ಥಿಯೇಟರಿನಿಂದ ಮನೆಯವರೆಗಿನ ಮುಕ್ಕಾಲು ಗಂಟೆಯ ನಡಿಗೆಯಲ್ಲಿ ಯಾರೂ ಚಿತ್ರದ ಮಾತೆತ್ತಬಾರದು ಎಂಬುದು ಮೊದಲನೆಯ ನಿಯಮ. ತರಕಾರಿ, ಮಳೆ, ಅತ್ತೆಯ ಶಾಲೆಯ ಇನ್‌ಸ್ಪೆಕ್ಷನ್ ಏನು ಬೇಕಾದರೂ ಮಾತಾಡಬಹುದು. ಚಿತ್ರ ಮಾತ್ರ ಬಾಯಿಯೊಳಗೆ ಇರಬೇಕು. ಮನೆಯ ಬೀಗ ತೆಗೆದ ಕೂಡಲೇ, ಮಧ್ಯಾಹ್ನವೆಲ್ಲ ಮುಚ್ಚಿದ್ದ ನಡುಮನೆಯಿಂದ ಹೊಸ ಡಿಕಾಕ್ಷನ್ನಿನ ವಾಸನೆ ಒಮ್ಮೆಲೇ ಹೊರಗೆ ಬರುತ್ತಿತ್ತು. ಈಗಲೂ ಎಲ್ಲಾದರೂ ಆ ವಾಸನೆ ಬಂದರೆ, ಈಗ ಯಾರೋ ನನ್ನನ್ನು ಪ್ರಶ್ನೆ ಕೇಳುತ್ತಾರೆ ಎಂದು ಮೈ ಬಿಗಿಯುತ್ತದೆ. ಕಾಫಿ ಲೋಟಗಳು ಬಂದ ಮೇಲೆ ಅಭಿಪ್ರಾಯ ಶುರು. ಎರಡನೆಯ ನಿಯಮ, ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು. ಮೂರನೆಯದು, 'ಚೆನ್ನಾಗಿದೆ', 'ಚೆನ್ನಾಗಿಲ್ಲ' ಎನ್ನುವ ಹಾಗಿಲ್ಲ; ಕಣ್ಣಿಗೆ ಕಂಡದ್ದೊಂದನ್ನು ಕಂಡ ಹಾಗೆಯೇ ಹೇಳಬೇಕು.

"ದೊಡ್ಡೋರು ಮೊದ್ಲು ಹೇಳಿದ್ರೆ ಚಿಕ್ಕೋರು ಅದನ್ನೇ ತಿರುಗಿಸಿ ಹೇಳ್ತಾರೆ" ಎನ್ನುತ್ತಿದ್ದರು ದೊಡ್ಡಪ್ಪ. "ಹೂಂ, ಹೇಳಮ್ಮ. ಏನ್ ಕಂಡೆ?"

ಆಮೇಲೆ ಲೀಲತ್ತೆ, ನಂತರ ದೊಡ್ಡಮ್ಮ. ಮೂರು ಗಂಟೆ ಅತ್ತವರು ಅವರೇ ಆದರೂ "ಅಯ್ಯೋ, ದರಿದ್ರ ಪಿಚ್ಚರು ಕಣ್ರೀ, ಆ ತಾಯಿಗೆ ಬುದ್ಧಿ ಬೇಡ್ವಾ" ಎಂದು ಶುರುಮಾಡುತ್ತಿದ್ದರು. ಕೊನೆಯ ಸರದಿ ದೊಡ್ಡಪ್ಪನದು. ನಾವು ಮೂವರು ಹೇಳಿದ್ದನ್ನೆಲ್ಲ ಸೇರಿಸಿ ಅವರು ಮಾತಾಡಿದರೆ, ಆ ಚಿತ್ರವನ್ನು ನಾವು ನೋಡಿಯೇ ಇಲ್ಲವೇನೋ ಎನಿಸುವಷ್ಟು ಚೆನ್ನಾಗಿರುತ್ತಿತ್ತು. ನನಗೆ ಅದೂ ಸಿಟ್ಟು ತರಿಸುತ್ತಿತ್ತು. ಮಾತೇ ಬಾರದ ಹುಡುಗಿಯನ್ನು ಮೊದಲು ಎಬ್ಬಿಸಿ, ತಾವು ಆರಾಮವಾಗಿ ಕೊನೆಗೆ ಮಾತಾಡುವುದು ಯಾವ ನ್ಯಾಯ? ಇಂಟರ್‌ವಲ್ ಆದ ಮೇಲೆ ನಾನು ಚಿತ್ರ ನೋಡುತ್ತಲೇ ಇರಲಿಲ್ಲ. ಮನೆಯಲ್ಲಿ ಹೇಳಬೇಕಾದ ಒಂದು ವಾಕ್ಯಕ್ಕಾಗಿ ಪರದೆಯ ಮೂಲೆಗಳನ್ನು ಹುಡುಕುತ್ತಿದ್ದೆ.

ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ನನ್ನ ತಾಳ್ಮೆ ಮುಗಿಯಿತು. ಮಾರನೆಯ ದಿನ ಗಣಿತದ ಪರೀಕ್ಷೆ ಇತ್ತು. ಬರುವುದಿಲ್ಲ ಎಂದರೂ ಬಿಡದೆ ಕರೆದುಕೊಂಡು ಹೋಗಿದ್ದರು. ಗಂಡ ಬಿಟ್ಟುಹೋದ ಹೆಂಗಸಿನ ಕಥೆ. ಇಡೀ ಊರು ಅವಳ ಮೇಲೆ ತಿರುಗಿಬೀಳುತ್ತದೆ, ಕೊನೆಗೆ ಅವಳು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ದ್ವಿತೀಯಾರ್ಧವೆಲ್ಲ ನಾನು ಮನಸ್ಸಿನಲ್ಲೇ ಸೂತ್ರಗಳನ್ನು ಹೇಳಿಕೊಳ್ಳುತ್ತಿದ್ದೆ, ಏನೂ ಕಂಡಿರಲಿಲ್ಲ. ಕಾಫಿ ಬಂತು. "ಏನ್ ಕಂಡೆಯಮ್ಮ?" ಎಂದರು. ಇವರಿಗೆ ಬುದ್ಧಿ ಬರಲಿ, ನಾನು ಸುಳ್ಳು ಹೇಳಿದ್ದನ್ನು ಹಿಡಿದು, ಬೈದು, ಇನ್ನು ಮುಂದೆ ನನ್ನನ್ನು ಕೇಳುವುದನ್ನೇ ಬಿಡಲಿ ಎಂದುಕೊಂಡು ಹೇಳಿಬಿಟ್ಟೆ: "ಕೊನೇ ಸೀನಲ್ಲಿ ಅವಳು ಬಾಗ್ಲು ಹಾಕೋವಾಗ ಮೆಟ್ಟಿಲ ಮೇಲೆ ಒಂದು ಹಳದಿ ಬೆಕ್ಕು ಕೂತಿತ್ತು. ಅದೊಂದೇ ಅವಳನ್ನ ನೋಡ್ತಿತ್ತು."

ಲೀಲತ್ತೆ ಹುಬ್ಬೇರಿಸಿದಳು, ಆದರೆ ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬಾಯಿ ಹಾಕುವಂತಿರಲಿಲ್ಲ. ಅವಳು ತನ್ನದೇನೋ ಹೇಳಿದಳು, ದೊಡ್ಡಮ್ಮ ತಮ್ಮದು ಹೇಳಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ದೊಡ್ಡಪ್ಪ ಲೋಟ ಕೆಳಗಿಟ್ಟು, ಮುಖವನ್ನು ಕಿಟಕಿಯ ಕಡೆ ಸ್ವಲ್ಪ ತಿರುಗಿಸಿ ಶುರುಮಾಡಿದರು.

"ಇಡೀ ಚಿತ್ರ ಇರೋದು ಆ ಬೆಕ್ಕಲ್ಲಿ ಕಣ್ರೀ. ಊರಿಗೆ ಊರೇ ಬೆನ್ನು ತಿರುಗಿಸಿರುವಾಗ ಅದೊಂದು ಕೂತ್ಕೊಂಡು ನೋಡುತ್ತಲ್ಲ, ಅಲ್ಲಿ ನಂಗೆ ಎದೆ ಹಿಂಡಿದ ಹಾಗಾಯ್ತು. ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ, ಇವಳು ಮೊದ್ಲೇ ಹೇಳ್ಬಿಟ್ಲು."

"ಯಾವ ಬೆಕ್ಕಣ್ಣ..." ಎಂದು ಲೀಲತ್ತೆ ಬಾಯಿ ತೆರೆದಳು.

"ಕಾಫಿ ಆರೋಗ್ತಿದೆ, ಕುಡಿ ಲೀಲಾ" ಎಂದರು ದೊಡ್ಡಮ್ಮ, ಎಂದೂ ಇಲ್ಲದ ಗಟ್ಟಿ ದನಿಯಲ್ಲಿ. ದೊಡ್ಡಪ್ಪ ಲೋಟಕ್ಕಾಗಿ ಕೈ ಚಾಚಿದರು. ಕೈ ಲೋಟಕ್ಕಿಂತ ಒಂದು ಗೇಣು ಆಚೆಗೆ ಹೋಗಿ, ನೆಲ ಸವರಿಕೊಂಡು ಹಿಂದೆ ಬಂತು. ಅದನ್ನು ನಾನು ಮೊದಲ ಸಲ ಕಂಡೆ.

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ದೊಡ್ಡಮ್ಮ ಹೇಳಿದರು. ಬೈಯಲಿಲ್ಲ. "ನೆಟ್ಟಗೆ ನೋಡಿದ್ರೆ ಅವರಿಗೆ ಮಧ್ಯದಲ್ಲಿ ಏನೂ ಕಾಣಲ್ಲ ಕಣೇ. ಕಪ್ಪು ಮೆತ್ತಿದ ಹಾಗಂತೆ. ಪಕ್ಕದಲ್ಲಿ ಒಂದಿಷ್ಟು ಕಾಣುತ್ತೆ. ಅದಕ್ಕೇ ಕೆಲಸ ಬಿಟ್ಟಿದ್ದು. ಯಾರಿಗೂ ಹೇಳ್ಬೇಡ ಅಂದಿದಾರೆ, ಲೀಲಂಗೂ." ನಲ್ಲಿ ನಿಲ್ಲಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡರು. "ನೀನು ಬರೋಕ್ ಮುಂಚೆ ಈ ಮನೇಲಿ ದೊಡ್ಡೋರೇ ಮೊದ್ಲು ಹೇಳ್ತಿದ್ದಿದ್ದು. ಅವರೇ ಆ ಸರದೀನ ತಿರುಗಿಸಿದ್ರು. ಇನ್ಮೇಲೆ ಇದ್ದದ್ದನ್ನ ಹೇಳು ಕಂದ."

ಆ ರಾತ್ರಿ ನಾನು ಗಣಿತ ಓದಲಿಲ್ಲ. ನನ್ನನ್ನು ತಿದ್ದುವುದಕ್ಕೆ ಎಂದುಕೊಂಡಿದ್ದ ನಿಯಮ, ಬೇರೆಯವರ ಮಾತನ್ನು ತಿರುಗಿಸಿ ಹೇಳಬಾರದು ಎಂದು ನನಗೆ ಬೋಧಿಸುತ್ತಿದ್ದ ನಿಯಮ, ಅವರು ನಮ್ಮ ಮಾತುಗಳಿಂದ ಒಂದು ಚಿತ್ರವನ್ನು ಜೋಡಿಸಿಕೊಳ್ಳುತ್ತಿದ್ದ ಉಪಾಯವಾಗಿತ್ತು. ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೂ ಹಾಳೆಯನ್ನೇ ಹರಿದು ಹೊಸದಾಗಿ ಬರೆಯುತ್ತಿದ್ದ ಮನುಷ್ಯನ ಕೈಗೆ ನಾನು ತಪ್ಪು ಗೆರೆ ಕೊಟ್ಟಿದ್ದೆ, ಅದೂ ಮನೆಯವರೆಲ್ಲರ ಎದುರಿಗೆ. ಕ್ಷಮೆ ಕೇಳೋಣ ಎಂದರೆ, ಕೇಳಿದರೆ ಗುಟ್ಟು ನನಗೆ ಗೊತ್ತಾಗಿದೆ ಎಂದು ಅವರಿಗೆ ತಿಳಿದುಬಿಡುತ್ತದೆ. ನಾನು ಕೇಳಲಿಲ್ಲ.

ಮುಂದಿನ ತಿಂಗಳಿನಿಂದ ನಾನು ಚಿತ್ರ ನೋಡುವ ರೀತಿಯೇ ಬದಲಾಯಿತು. ಯಾರು ಎಲ್ಲಿ ನಿಂತಿದ್ದರು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ತಾಯಿಯ ಸೀರೆಯ ಬಣ್ಣ ಯಾವ ದೃಶ್ಯದಿಂದ ಮಾಸತೊಡಗಿತು ಎಲ್ಲವನ್ನೂ ಎತ್ತಿಟ್ಟುಕೊಂಡು ಬರುತ್ತಿದ್ದೆ. ಒಂದು ವಾಕ್ಯದ ನನ್ನ ಸರದಿ ಕಾಲು ಗಂಟೆಯಾಯಿತು. "ಏನೇ ಇದು, ಪಿಚ್ಚರಿಗಿಂತ ಉದ್ದ ಹೇಳ್ತೀಯ" ಎಂದು ಲೀಲತ್ತೆ ಗೊಣಗುತ್ತಿದ್ದಳು. ಪಕ್ಕದಲ್ಲಿ ಕುಳಿತವರು ಪಿಸುಗುಟ್ಟಿದರೆ ನನಗೆ ಕೆಂಡದಂಥ ಕೋಪ ಬರುತ್ತಿತ್ತು. ಆ ಕೋಪ ಈಗಲೂ ಹೋಗಿಲ್ಲ. ಥಿಯೇಟರಿನಲ್ಲಿ ಫೋನು ಬೆಳಗಿದರೆ ಎದ್ದು ಹೋಗಿ ಹೇಳುವ, ಜೊತೆಯವರಿಗೆ ಮುಜುಗರ ತರುವ ಹೆಂಗಸು ನಾನು. ಈ ನಡುವೆ ಎಲ್ಲರಿಗೂ ಅಭಿಪ್ರಾಯವಿದೆ, ಯಾರಿಗೂ ಏನೂ ಕಂಡಿರುವುದಿಲ್ಲ. ಆಫೀಸಿನಲ್ಲಿ ಸೋಮವಾರ ಬೆಳಿಗ್ಗೆ 'ಮಸ್ತ್', 'ವೇಸ್ಟು' ಎಂಬ ಎರಡು ಪದಗಳಲ್ಲಿ ಎಲ್ಲ ಮುಗಿಯುತ್ತದೆ. ನಿಮ್ಮಲ್ಲಿ ಕೆಲವರಿಗಾದರೂ ಹೀಗನ್ನಿಸಿರಬಹುದು.

ಒಂಬತ್ತನೇ ಕ್ಲಾಸಿನ ಕೊನೆಗೆ ನೋಡಿದ ಚಿತ್ರವೊಂದರಲ್ಲಿ ನಿಜವಾಗಿಯೂ ಒಂದು ಬೆಕ್ಕಿತ್ತು. ಕಾಂಪೌಂಡಿನ ಮೇಲೆ ಮಲಗಿರುತ್ತದೆ, ಹೀರೋ ಹೊರಟಾಗ ಎದ್ದು ಮೈಮುರಿಯುತ್ತದೆ. ಮನೆಗೆ ನಡೆಯುತ್ತಾ ಮುಕ್ಕಾಲು ಗಂಟೆ ಯೋಚಿಸಿದೆ, ಹೇಳಲೇ ಬಿಡಲೇ ಎಂದು. ಬಿಟ್ಟರೆ ಚಿತ್ರದಿಂದ ಒಂದು ತುಂಡು ಕದ್ದ ಹಾಗಾಗುತ್ತದೆ. ಕಾಫಿ ಬಂತು. ಎಲ್ಲ ಹೇಳಿ, ಕೊನೆಗೆ ತಡವರಿಸುತ್ತಾ ಬೆಕ್ಕನ್ನೂ ಹೇಳಿದೆ. ದೊಡ್ಡಪ್ಪ ಸರದಿಯ ನಿಯಮ ಮುರಿದು, ನನ್ನ ಕಡೆ, ಅಂದರೆ ನನ್ನ ಕಿವಿಯ ಆಚೆಗೆಲ್ಲೋ, ಮುಖ ತಿರುಗಿಸಿದರು.

"ಈ ಸಲದ್ದು ನಿಜವಾದ ಬೆಕ್ಕೇನಮ್ಮ?"

"ಹೂಂ ದೊಡ್ಡಪ್ಪ. ಬಿಳೀದು. ಬಾಲದ ತುದಿ ಮಾತ್ರ ಕಪ್ಪು."

"ಹಾಗಿದ್ರೆ ಸರಿ" ಎಂದರು. ಅವರ ತುಟಿಯ ಕೊನೆಯಲ್ಲಿ ನಗು ಇತ್ತು. ಲೀಲತ್ತೆ ಕಾಫಿಯೊಳಗೇ ನಕ್ಕು ಕೆಮ್ಮಿದಳು. ಅವಳಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಆ ವಿಷಯ ಅಲ್ಲಿಗೆ ಮುಗಿಯಿತು. ಅವರ ಕಣ್ಣಿನ ಬಗ್ಗೆ ಅವರೆದುರು ಆ ಮನೆಯಲ್ಲಿ ಯಾರೂ ಯಾವತ್ತೂ ಮಾತಾಡಲಿಲ್ಲ, ಅವರು ಪೂರ್ತಿ ಕುರುಡಾದ ಮೇಲೂ. ಭಾನುವಾರಗಳು ಮಾತ್ರ ನಿಲ್ಲಲಿಲ್ಲ. ಮಾದಣ್ಣ ಟಾರ್ಚನ್ನು ಜೇಬಿಗೆ ಹಾಕಿಕೊಂಡು ಕೈ ಹಿಡಿದು ಕರೆದೊಯ್ಯತೊಡಗಿದರು, ಅಷ್ಟೇ.

ದೊಡ್ಡಪ್ಪ ಹೋದದ್ದು ನಾನು ಎಂ.ಎ. ಓದುತ್ತಿದ್ದಾಗ, ಮರುವರ್ಷ ದೊಡ್ಡಮ್ಮ. ವಠಾರ ಕೆಡವಿ ಮಾಲೀಕರು ಫ್ಲ್ಯಾಟು ಕಟ್ಟಿಸಿದ್ದಾರೆ. ಥಿಯೇಟರು ಮುಚ್ಚಿ, ಈಗ ಅದರ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಮಾದಣ್ಣ ಎಲ್ಲಿದ್ದಾರೋ ತಿಳಿಯದು. ಅವರ ಪ್ರಶ್ನೆಗೆ ನಾವು ಒಂದು ಸಲವೂ ಉತ್ತರ ಕೊಡಲಿಲ್ಲ ಎಂಬುದು ಈಗ ಕೊರೆಯುತ್ತದೆ.

ಕಳೆದ ಭಾನುವಾರ ಮಾಲ್‌ನಿಂದ ಯಾದವಗಿರಿಯವರೆಗೆ ಆಟೋದಲ್ಲಿ ಲೀಲತ್ತೆ ಒಂದೇ ಒಂದು ಮಾತು ಚಿತ್ರದ ಬಗ್ಗೆ ಆಡಲಿಲ್ಲ. ಸೊಪ್ಪಿನ ಬೆಲೆ, ಮೊಣಕಾಲು ನೋವು, ಬಂಗಲೆಯವರ ನಾಯಿ. ಮನೆಯ ಬೀಗ ತೆಗೆದಾಗ ಒಳಗಿನಿಂದ ಡಿಕಾಕ್ಷನ್ನಿನ ವಾಸನೆ ಬಂತು. ಹೊರಡುವಾಗಲೇ ಫಿಲ್ಟರಿಗೆ ಪುಡಿ ಹಾಕಿದ್ದಳು. ಇಷ್ಟು ವರ್ಷವೂ ಹಾಕುತ್ತಿದ್ದಳೋ ಏನೋ, ನಾನು ಗಮನಿಸಿರಲಿಲ್ಲ. ಎರಡು ಲೋಟ ತಂದಿಟ್ಟು ಎದುರಿಗೆ ಕೂತಳು.

"ಹೂಂ. ನೀನೇ ಚಿಕ್ಕೋಳು. ಏನ್ ಕಂಡೆ?"

ಆ ಗದ್ದಲದ ಚಿತ್ರದಲ್ಲಿ ನಾನು ಕಂಡದ್ದು ಒಂದೇ. ಹೀರೋ ಹತ್ತು ಜನರನ್ನು ಹೊಡೆದುರುಳಿಸುವಾಗ ಹಿಂದುಗಡೆ, ಕಿರಾಣಿ ಅಂಗಡಿಯಲ್ಲಿ, ಮುದುಕರೊಬ್ಬರು ಯಾವುದನ್ನೂ ಲೆಕ್ಕಿಸದೆ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದರು. ಅದನ್ನು ಹೇಳಿದೆ: ದಾರ ಬಿಳಿಯದು, ಮೇಲಿನಿಂದ ಇಳಿದು ಬರುತ್ತಿತ್ತು, ಮೂರು ಸುತ್ತು. ಲೀಲತ್ತೆ ತಾನು ಕಂಡದ್ದನ್ನು ಹೇಳಿದಳು. ಆಮೇಲೆ ಇಬ್ಬರೂ ಸುಮ್ಮನಾದೆವು. ದೊಡ್ಡಮ್ಮನ ಸರದಿಗೆ ಬೇಕಾದಷ್ಟು ಹೊತ್ತು ಬಿಟ್ಟೆವು. ಅದಾದ ಮೇಲೆ, ಕೊನೆಯವರ ಸರದಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಕಾಫಿ ಆರುತ್ತಿತ್ತು. ಕುಡಿ ಎಂದು ಯಾರೂ ಹೇಳಲಿಲ್ಲ.