ರಹೀಮಾಳ ಊರು

ರಹೀಮಾ ಎಲ್ಲಿಯವಳೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. ಆ ಸುಳ್ಳಿನಿಂದ ಅವಳ ಕೆಲಸ ಹೋಯಿತು, ನನ್ನದು ಖಾಯಂ ಆಯಿತು.

ಕಾರ್ಕಳದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆ. ಬೀಜದ ಸಿಪ್ಪೆ ತೆಗೆಯುತ್ತ ನಾವಿಬ್ಬರೂ ಅಕ್ಕಪಕ್ಕ ಕೂರುತ್ತಿದ್ದೆವು. ಇಬ್ಬರೂ ಗುತ್ತಿಗೆಯವರೇ; ಬೇಡವೆಂದ ದಿನ ಮನೆಗೆ. ನಾನು ಊರಿನವಳು, ಅವಳು ಅಸ್ಸಾಮಿನಿಂದ ಬಂದವಳು. ಊಟದ ಹೊತ್ತಿಗೆ ತಾಯಿಗೆ ವೀಡಿಯೊ ಕಾಲ್ ಮಾಡಿ ನನ್ನನ್ನೂ ತೋರಿಸುತ್ತಿದ್ದಳು. ಅವಳ ಮನೆ, ಮನೆಯ ಹಿಂದಿನ ಹೊಳೆ, ಅಪ್ಪ ಅಡುಗೆ ಮಾಡುವ ಶಾಲೆ—ಎಲ್ಲವನ್ನೂ ನೋಡಿದ್ದೆ. ನಾನು ಜ್ವರದಲ್ಲಿ ಮಲಗಿದ್ದಾಗ ನನ್ನ ಜಾಗದಲ್ಲಿ ಬೇರೆಯವರನ್ನು ಕೂರಿಸಲು ಬಂದ ಮೇಸ್ತ್ರಿಯೊಡನೆ ಜಗಳವಾಡಿದವಳು ಅವಳು.

ಬಾಯ್ಲರ್ ನೋಡುವ ಗಂಡಸರೆಲ್ಲ ಎಂದೋ ಖಾಯಂ ಆಗಿದ್ದರು. ಆ ವರ್ಷ ಹೆಂಗಸರಲ್ಲಿ ಒಬ್ಬಳನ್ನು ಮಾಡುತ್ತಾರೆಂದು ಸುದ್ದಿಯಾಯಿತು. ರಹೀಮಾಳ ಕೈ ಚುರುಕು. ಎಲ್ಲರೂ ಅವಳ ಹೆಸರನ್ನೇ ಹೇಳುತ್ತಿದ್ದರು. ಅಷ್ಟರಲ್ಲಿ, ಪರ್ಕಳದ ಕಡೆ ಬಾಡಿಗೆ ಕೋಣೆಗಳಲ್ಲಿ ಪೊಲೀಸರು ಬಾಂಗ್ಲಾದವರನ್ನು ಹುಡುಕುತ್ತಿದ್ದಾರಂತೆ ಎಂಬ ಮಾತು ಹಬ್ಬಿತು. ಮ್ಯಾನೇಜರ್ ನನ್ನನ್ನು ಕರೆದರು.

"ಶಶಿ, ನೀನು ಅವಳ ಹತ್ತಿರ ಕೂರುವವಳು. ಅವಳು ಅಸ್ಸಾಮಿನವಳೇ ಅಲ್ವಾ?"

"ನನಗೆಂತ ಗೊತ್ತು ಸರ್? ಅವರೆಲ್ಲ ಹಾಗೆಯೇ ಹೇಳುವುದು."

ಅಷ್ಟೇ. ವಾಪಸು ಬಂದು ಅವಳ ಪಕ್ಕದಲ್ಲೇ ಕೂತೆ.

ಮರುದಿನ ಅವಳನ್ನು ಗೇಟಿನಲ್ಲೇ ನಿಲ್ಲಿಸಿದರು. ಕಾರಣ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ—ತನಗಾಗಿ ಕೇಳಿ ಅಭ್ಯಾಸವಿರಲಿಲ್ಲವೋ ಏನೋ. ಬ್ಯಾಗು ಹಿಡಿದು ನನ್ನನ್ನು ಕಾಯುತ್ತಿದ್ದಳು.

"ಇನ್ನು ನಿಮಗೇ ಸಿಗ್ತದೆ ಅಕ್ಕ. ಬಿಡಬೇಡಿ," ಎಂದಳು.

ಬಿಡಲಿಲ್ಲ. ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿದರು, ನಾನೂ ಉಂಡೆ. ಅಳು ಬರಬೇಕಿತ್ತು. ಇಂದಿಗೂ ಬಂದಿಲ್ಲ. ಹೆದರಿಕೆಯಿಂದ ಹಾಗೆ ಹೇಳಿದೆ ಎನ್ನಬಹುದು—ಆದರೆ ನನಗೆ ಹೆದರಿಕೆಯೇ ಇರಲಿಲ್ಲ. ಆ ಜಾಗ ಬೇಕಿತ್ತು.

ರಹೀಮಾ ಈಗ ಕೇರಳದಲ್ಲಿ ಮೀನಿನ ಶೆಡ್ಡಿನಲ್ಲಿದ್ದಾಳೆ. ಅಲ್ಲಿಯೂ ಗುತ್ತಿಗೆಯೇ. ಪ್ರತಿ ಈದಿಗೆ ಫೋನ್ ಮಾಡುತ್ತಾಳೆ.

"ಕೆಲಸ ಉಂಟಲ್ಲ ಅಕ್ಕ?" ಮೊದಲು ಕೇಳುವುದು ಅದನ್ನೇ.

ಉಂಟು ಎನ್ನುತ್ತೇನೆ. ಅದು ಹೇಗೆ ಉಂಟಾಯಿತೆಂದು ಈವರೆಗೆ ಹೇಳಿಲ್ಲ. ಈ ಸಲ ಅವಳ ಫೋನಿಗೆ ಕಾಯುವುದಿಲ್ಲ, ನಾನೇ ಮಾಡುತ್ತೇನೆ. ಹೇಳಿದ ಮೇಲೆ ಅವಳು ಮತ್ತೆ ಮಾಡಲಿಕ್ಕಿಲ್ಲ. ಮಾಡಬೇಕಾಗಿಯೂ ಇಲ್ಲ.