ಬುಡಿಸಾ ಎಂಬ ದೇವತೆ

ಹಳೆಯ ಶಿಷ್ಯನೊಬ್ಬ ಮೊಬೈಲಿಗೆ ಕಳಿಸಿದ ಒಂದು ರಾಗ ಕೇಳುತ್ತಾ ಇವತ್ತು ನನ್ನ ಕಾಫಿ ಆರಿಹೋಯಿತು. ಜೊತೆಗೊಂದು ಬರಹವೂ ಇತ್ತು. ನಾರ್ವೆಯ ಜಾಝ್ ವಾದಕ, ನಲವತ್ತು ವರ್ಷ ಡಬಲ್ ಬೇಸ್ ನುಡಿಸಿದವನು, ದೇಶದೇಶಗಳಲ್ಲಿ ಕಛೇರಿ, ಅರಮನೆಯಲ್ಲಿ ಸನ್ಮಾನ. ಇರಲಿ, ಸಂತೋಷ. ಆದರೆ ಅವನಿಗೆ ಹೆಸರು ತಂದ ಈ ಸ್ವಂತ ರಚನೆ ‘ಬುಡಿಸಾ’ ಅಂತೆ. ಬುಡಿಸಾ ಎಂದರೆ ಭಾರತದ ಮರುಭೂಮಿಯ ದೇವತೆಯಂತೆ!

ದೇವತೆಯಂತೆ ದೇವತೆ! ನಮ್ಮ ಶಿರಾ ಸೀಮೆಯ ಮದಲೂರು ಕೆರೆ ಕೋಡಿ ಬಿದ್ದದ್ದನ್ನು ಕಣ್ಣಾರೆ ಕಂಡವನು ನಾನು, ನಮ್ಮದು ಮರುಭೂಮಿಯೇ? ನೀವೇ ಹೇಳಿ, ಶಿರಾದವರು ಇದನ್ನು ಓದಿ ಸುಮ್ಮನಿರಲಾದೀತೇ?

ಅವನು ಶಿರಾಕ್ಕೆ ಬಂದದ್ದು ಇಪ್ಪತ್ತು ವರ್ಷದ ಹಿಂದೆ, ನಾನಾಗ ಇಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಹುಬ್ಬಳ್ಳಿಗೆ ಹೊರಟಿದ್ದ ಈ ಮಹಾಶಯನ ವ್ಯಾನು ಹಂಪ್ ಹಾರಿ, ಆಳೆತ್ತರದ ಆ ವಾದ್ಯದ ಕುತ್ತಿಗೆ ಕಿತ್ತುಬಂದಿತ್ತು. ಬಡಗಿ ಬಾಷಾ ಸಾಬರ ಅಂಗಡಿಗೆ ಕರೆದುಕೊಂಡು ಹೋದವನು ನಾನೇ. ಬಾಗಿಲು, ಮಂಚ ಮಾಡುವ ಸಾಬರು ವಾದ್ಯವನ್ನು ಸುತ್ತು ಬಂದು ನೋಡಿ, “ಪಿಟೀಲ್ನ ಇಷ್ಟುದ್ದ ಬೆಳೆಯಾಕ್ ಯಾಕ್ ಬುಟ್ರಿ ಸಾ?” ಎಂದರು. ಎರಡು ದಿನ ಕೂತು, ಏನನ್ನೋ ಗುನುಗುತ್ತಾ ಕುತ್ತಿಗೆ ಕೂಡಿಸಿದರು. ಅವನು ಪಕ್ಕದಲ್ಲೇ ಕೂತು ಕೇಳಿಸಿಕೊಂಡ. ಹೊರಡುವಾಗ, ಇದು ಯಾರ ರಾಗ, ಹೆಸರೇನು ಎಂದು ವಿಚಾರಿಸಿದ. ನಾನು ಸಾಬರನ್ನು ಕೇಳಿದೆ.

“ನನ್ ಮಗ್ಳು ಮುಮ್ತಾಜ್ ಮಲಗ್ಲಿ ಅಂತ ನಾನೇ ಕಟ್ಟಿದ್ ಲಾಲಿ. ಅದ್ಕೇನ್ ಹೆಸ್ರು? ಬುಡಿ ಸಾ.”

ಲಾಲಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಈ ಇಂಗ್ಲಿಷ್ ಮೇಷ್ಟ್ರಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ! ಪೆಚ್ಚಾಗಿ ನಕ್ಕೆ. ಅವನು ಕಿವಿಗೆ ಬಿದ್ದ ಕೊನೆಯ ಮಾತನ್ನೇ ಹೆಸರೆಂದುಕೊಂಡು ಪುಸ್ತಕದಲ್ಲಿ ಬರೆದುಕೊಂಡ. ತಪ್ಪೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಮಕ್ಕಳ ಕಾಗುಣಿತ ತಪ್ಪಿದರೆ ಬೆತ್ತ ಹಿಡಿಯುತ್ತಿದ್ದವನು ನಾನು. ಅವನ ಮೇಲೆ ಎಷ್ಟು ಸಿಟ್ಟೋ, ನನ್ನ ಮೇಲೂ ಅಷ್ಟೇ ಸಿಟ್ಟು ಬರುತ್ತಿದೆ.

ತಡೆಯಲಾರದೆ ಇವತ್ತೇ ಸಾಬರ ಮನೆಗೆ ಹೋಗಿ ಮೊಬೈಲಿನಲ್ಲಿ ಆ ರಾಗ ಕೇಳಿಸಿದೆ. ಒಳಗಿದ್ದ ಮುಮ್ತಾಜ್ ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಸಾ, ಇದು ನನ್ ಲಾಲಿ!”

ಸಾಬರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಚೆನ್ನಾಗ್ ನುಡ್ಸವ್ನೆ.”

“ತಾನೇ ಕಟ್ಟಿದ್ದು ಅಂತ ಹೆಸರು ಹಾಕ್ಕೊಂಡಿದಾನೆ ಸಾಬ್ರೇ!”

“ಹಾಕ್ಕಳ್ಳಿ, ಬುಡಿ ಸಾ.”

ಮನೆಗೆ ಬಂದವನೇ ನಾರ್ವೆಗೆ ಕಾಗದ ಬರೆಯಲು ಕೂತೆ. ಲಾಲಿಗೆ ಇಂಗ್ಲಿಷ್ ಪದ ಈಗ ಗೊತ್ತು. ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಪಕ್ಕದಲ್ಲೇ ಅದನ್ನು ಕಟ್ಟಿದವರ ಹೆಸರು, ದಪ್ಪ ಅಕ್ಷರದಲ್ಲಿ. ಈ ಸಲ ಮಾತ್ರ ನಾನು ಬುಡಲ್ಲ, ಸಾಬ್ರೇ.